ಹನ್ನೆರಡು ಬಾಗಿಲ ಮನೆ

ನಾನು ಐಟಿ ಕೆಲಸದವಳು, ಇತಿಹಾಸ ಓದಿದವಳಲ್ಲ. ಆದರೂ ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂಬ ಮಾತು ಬಂದಾಗಲೆಲ್ಲ ಹೈದರಾಬಾದಿನ ಗೋಷಾಮಹಲ್ ಬಾರಾದರಿ ನೆನಪಾಗುತ್ತದೆ.

‘ಗೋಷಾ’ ಎಂದರೆ ಪರದೆ. ವಿಶಾಖಪಟ್ಟಣದ ವಿಕ್ಟೋರಿಯಾ ಆಸ್ಪತ್ರೆಯನ್ನು ಜನ ಇಂದಿಗೂ ‘ಘೋಷಾ ಆಸ್ಪತ್ರೆ’ ಎನ್ನುತ್ತಾರೆ. ಬೆಂಗಳೂರಿನ ಶಿವಾಜಿನಗರದಲ್ಲೂ ಒಂದು ಗೋಷಾ ಆಸ್ಪತ್ರೆ ಇದೆ. ಎರಡೂ ಹೆಂಗಸರಿಗಾಗಿ ಆದವು.

ಗೋಷಾಮಹಲನ್ನು 1682ರ ಸುಮಾರಿಗೆ ಕಟ್ಟಿಸಿದವನು ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾ. ಅಂತಃಪುರದ ಹೆಂಗಸರ ವಿಹಾರಕ್ಕೆಂದು ಕಟ್ಟಿಸಿದ ಎನ್ನುತ್ತಾರೆ. ಹೆಸರೂ ಅದನ್ನೇ ಹೇಳುತ್ತದೆ. 1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಗೆದ್ದ. ಮುಂದೆ ನಿಜಾಮರ ಕಾಲದಲ್ಲಿ, 1872ರಲ್ಲಿ, ಬಾರಾದರಿ ಫ್ರೀಮೇಸನ್ನರ ಲಾಡ್ಜ್ ಆಯಿತು. ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜ್ ಅಲ್ಲ. ಒಬ್ಬರನ್ನೊಬ್ಬರು ಸೋದರ ಎಂದು ಕರೆದುಕೊಳ್ಳುವ ಸದಸ್ಯರ ಸಭಾಭವನ. ಅವರ 1723ರ ಲಂಡನ್ ನಿಯಮಪುಸ್ತಕದಲ್ಲೇ ಹೆಂಗಸರಿಗೆ ಸದಸ್ಯತ್ವವಿಲ್ಲ ಎಂದು ಬರೆದಿತ್ತು.

ಬಾರಾದರಿ ಎಂದರೆ ಹನ್ನೆರಡು ಬಾಗಿಲ ಮನೆ. ಹೆಂಗಸರಿಗೆಂದು ಎದ್ದ ಮನೆಗೆ ಹನ್ನೆರಡು ಬಾಗಿಲಿದ್ದರೂ, ಸದಸ್ಯಳಾಗಿ ಒಳಗೆ ಹೋಗಲು ಹೆಣ್ಣಿಗೆ ಒಂದೂ ಇಲ್ಲ!

ಆ ಸದಸ್ಯರನ್ನು ನಾನು ದೂರುತ್ತಿಲ್ಲ. ಬಳಕೆಯಲ್ಲಿದ್ದುದರಿಂದಲೇ ಕಟ್ಟಡ ಉಳಿಯಿತು. ಲಾಡ್ಜುಗಳ ಕಥೆಯೂ ಎಲ್ಲ ಕಡೆ ಒಂದೇ ಅಲ್ಲ. ಪಾಕಿಸ್ತಾನದಲ್ಲಿ 1972ರಲ್ಲಿ ಫ್ರೀಮೇಸನ್ನರನ್ನು ನಿಷೇಧಿಸಿದರು. ಒಳಗೇನು ನಡೆಯುತ್ತದೋ ಎಂದು ಜನ ‘ಜಾದೂಘರ್’ ಎಂದು ಕರೆಯುತ್ತಿದ್ದ ಕರಾಚಿಯ ಲಾಡ್ಜಿನಲ್ಲಿ ಆಮೇಲೆ ಸಿಂಧ್ ಪ್ರಾಂತ್ಯದ ವನ್ಯಜೀವಿ ಇಲಾಖೆಯ ಕಚೇರಿ ಬಂತು. ಕಟ್ಟಡ ಯಾರದ್ದೆಂದು ತೀರ್ಮಾನಿಸುವುದು ಗೋಡೆಯಲ್ಲ, ಕಾಗದ.

ಈಗ ನಮ್ಮ ವಿಷಯ. ರಾಜ್ಯೋತ್ಸವ ಬಂದರೆ ತೋರಣ, ರಂಗೋಲಿ, ಮಕ್ಕಳ ಹಾಡಿನ ಅಭ್ಯಾಸ, ಊಟದ ಲೆಕ್ಕ ಎಲ್ಲವೂ ನಮ್ಮದು. ಕಟ್ಟಡಕ್ಕೂ ನಾವು ಕೈಲಾದಷ್ಟು ಕೊಡುತ್ತೇವೆ. ಆದರೆ ಬೀಗದ ಕೈ ಯಾರ ಬಳಿ ಇರುತ್ತದೆ? ‘ನಿಮಗೆ ಬೇಡ ಅಂದವರು ಯಾರಮ್ಮಾ?’ ಎಂಬ ಮಾತು ಪ್ರೀತಿಯದೇ. ಆದರೆ ಪ್ರೀತಿಯ ಮಾತು ಮುಂದಿನ ಸಮಿತಿಗೆ ನೆನಪಿರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಎರಡೇ. ಕಟ್ಟಡ ಸಮಿತಿಯಲ್ಲಿ ಇಬ್ಬರಾದರೂ ಮಹಿಳೆಯರಿರಲಿ. ವಾರಕ್ಕೊಂದು ದಿನ ಸಭಾಂಗಣ ಮಹಿಳಾ ವೇದಿಕೆಗೆ ಮತ್ತು ಮಕ್ಕಳ ಕನ್ನಡ ತರಗತಿಗೆ ಮೀಸಲೆಂದು ಬೈಲಾದಲ್ಲೇ ಬರೆಯಲಿ. ಅಡಿಗಲ್ಲು ಹಾಕುವ ಮೊದಲೇ ಬರೆಯಲಿ.

ಹನ್ನೆರಡು ಬಾಗಿಲು ಬೇಡ, ಒಂದೇ ಸಾಕು. ಅದರ ಕೀಲಿ ಮಾತ್ರ ನಮ್ಮ ಬಳಿಯೂ ಇರಲಿ.