ನೆರೆಯವನ ಪ್ರಾರ್ಥನಾಲಯ

(ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬದ ಪ್ರಬೋಧನೆ, ನವೆಂಬರ್ 9)



ವರ್ಷವಿಡೀ ನಾವು ಸಂತರ ಹಬ್ಬಗಳನ್ನು ಆಚರಿಸುತ್ತೇವೆ. ಇಂದು ಒಂದು ಕಟ್ಟಡದ ಹಬ್ಬ. ರೋಮ್ ನಗರದ ಲ್ಯಾಟರನ್ ಮಹಾದೇವಾಲಯ ಜಗದ್ಗುರುಗಳ ಪ್ರಧಾನಾಲಯ. ಲೋಕದ ಎಲ್ಲ ಚರ್ಚುಗಳ ತಾಯಿ ಎಂದು ಅದಕ್ಕೆ ಹೆಸರು. 324ರಲ್ಲಿ ಜಗದ್ಗುರು ಸಂತ ಸಿಲ್ವೆಸ್ಟರ್ ಅದನ್ನು ಪ್ರತಿಷ್ಠಾಪಿಸಿದರು.

ಕಲ್ಲು ಗಾರೆಯ ಕಟ್ಟಡಕ್ಕೆ ಇಷ್ಟೊಂದು ಗೌರವ ಯಾಕೆ? ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು, 303ರಲ್ಲಿ, ಕ್ರೈಸ್ತರ ಪ್ರಾರ್ಥನಾಲಯಗಳನ್ನು ಕೆಡವಿರಿ ಎಂದು ಚಕ್ರವರ್ತಿ ಡಯೊಕ್ಲೇಷಿಯನ್ ಆಜ್ಞೆ ಹೊರಡಿಸಿದ್ದ. ಹತ್ತು ವರ್ಷಗಳ ಬಳಿಕ, 313ರಲ್ಲಿ, ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಮಿಲಾನಿನಲ್ಲಿ ಸೇರಿ ನಮ್ಮವರಿಗೆ ಸ್ವಾತಂತ್ರ್ಯ ಕೊಟ್ಟರು. ಕಸಿದುಕೊಂಡಿದ್ದ ಜಾಗಗಳನ್ನು ಹಿಂದಿರುಗಿಸಲಾಯಿತು. ಒಂದು ಮಾತನ್ನು ನಾವು ಗಮನಿಸಬೇಕು. ಆ ಒಪ್ಪಂದ ಸ್ವಾತಂತ್ರ್ಯ ಕೊಟ್ಟದ್ದು ಕ್ರೈಸ್ತರಿಗೆ ಮಾತ್ರವಲ್ಲ, ಅವರವರ ಧರ್ಮವನ್ನು ಪಾಲಿಸಲು ಎಲ್ಲರಿಗೂ. ನಮ್ಮ ತಾಯಿ ಚರ್ಚಿನ ಅಸ್ತಿವಾರದ ಕೆಳಗೆ ಎಲ್ಲರಿಗೂ ಸಂದ ಆ ಸ್ವಾತಂತ್ರ್ಯವಿದೆ.

ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಜೆರುಸಲೇಮಿನ ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟುತ್ತಾರೆ. ಆ ವ್ಯಾಪಾರ ನಡೆಯುತ್ತಿದ್ದುದು ಹೊರ ಅಂಗಳದಲ್ಲಿ ಎಂದು ಪಂಡಿತರು ಹೇಳುತ್ತಾರೆ. ಯೆಹೂದ್ಯರಲ್ಲದವರು ನಿಂತು ಪ್ರಾರ್ಥಿಸಲು ಇದ್ದ ಜಾಗ ಅದೊಂದೇ. ಅಲ್ಲಿ ಎತ್ತು, ಕುರಿ, ನಾಣ್ಯದ ಮೇಜುಗಳು ತುಂಬಿದರೆ ಪರಕೀಯನು ಎಲ್ಲಿ ನಿಲ್ಲಬೇಕು? ಪ್ರಭುವಿನ ಸಿಟ್ಟಿನಲ್ಲಿ ಆ ಪರಕೀಯನ ಪರವಾದ ಕಾಳಜಿಯೂ ಇದೆಯೆಂದು ನಾವು ತಿಳಿಯಬಹುದು.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಮೆರಿಕದ ನ್ಯೂಯಾರ್ಕ್ ನಗರದತ್ತ ಒಮ್ಮೆ ನೋಡೋಣ. 2010ರಲ್ಲಿ ಅಲ್ಲಿ ಒಂದು ದೊಡ್ಡ ವಿವಾದ ಎದ್ದಿತು. 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರು ಉರುಳಿಸಿದ ಅವಳಿ ಗೋಪುರಗಳ ಜಾಗದಿಂದ ಎರಡು ಬೀದಿ ಆಚೆ, ಪಾರ್ಕ್ ಪ್ಲೇಸ್ ಎಂಬಲ್ಲಿ, ಮುಸಲ್ಮಾನರು ಮಸೀದಿಯನ್ನು ಒಳಗೊಂಡ ಹದಿಮೂರು ಮಹಡಿಗಳ ಸಮುದಾಯ ಕೇಂದ್ರವೊಂದನ್ನು ಕಟ್ಟಲು ಯೋಜಿಸಿದ್ದರು. ದೇಶವೆಲ್ಲ ಎರಡು ಭಾಗವಾಯಿತು. ಬೀದಿಯಲ್ಲಿ ಮೆರವಣಿಗೆ, ದೂರದರ್ಶನದಲ್ಲಿ ವಾಗ್ವಾದ, ಚುನಾವಣೆಯಲ್ಲಿ ಭಾಷಣ. ಆ ವರ್ಷದ ಆಗಸ್ಟ್ 3ರಂದು ಆಗಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಆ ಯೋಜನೆಯ ಹಕ್ಕನ್ನು ಸಮರ್ಥಿಸಿ ಮಾತನಾಡಿದರು. ಯೆಹೂದ್ಯ ಮನೆತನದ ಅವರು ಅಂದು ಆ ನಗರದ ಕಥೋಲಿಕರ ಕಥೆಯನ್ನು ಎಲ್ಲರಿಗೂ ನೆನಪಿಸಿದರು.

ಏನದು ನಮ್ಮವರ ಕಥೆ? 1700ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಒಂದು ಕಾನೂನು ಬಂತು. ಕಥೋಲಿಕ ಗುರುಗಳು ಅಲ್ಲಿ ಕಾಲಿಟ್ಟರೆ ಜೀವನಪರ್ಯಂತ ಸೆರೆವಾಸ. ಅಮೆರಿಕ ಸ್ವತಂತ್ರವಾದ ಮೇಲೆ, 1784ರಲ್ಲಿ, ಅದು ರದ್ದಾಯಿತು. ಮರುವರ್ಷವೇ ನಮ್ಮವರು ಚರ್ಚ್ ಕಟ್ಟಲು ಹೊರಟರು. ಊರ ನಡುವೆ ಬೇಡ ಎಂಬ ವಿರೋಧ ಬಂತು. ಕೊನೆಗೆ ಆಗಿನ ಊರಿನ ಹೊರಗೆ, ಬಾರ್ಕ್ಲೇ ಬೀದಿಯಲ್ಲಿ, ಜಾಗ ದೊರಕಿತು. ಆ ಜಾಗ ಟ್ರಿನಿಟಿ ಎಂಬ ಆಂಗ್ಲಿಕನ್ ಚರ್ಚಿಗೆ ಸೇರಿದ್ದು. ಹೀಗೆ ಬೇರೆ ಪಂಗಡದ ನೆರೆಯವರ ನೆಲದಲ್ಲಿ ಸಂತ ಪೇತ್ರರ ಚರ್ಚ್ ಎದ್ದಿತು. 1786ರ ನವೆಂಬರಿನಲ್ಲಿ ಅಲ್ಲಿ ಮೊದಲ ಬಲಿಪೂಜೆ ನಡೆಯಿತು. ಮುಂದೆ ಸಂತರಾದ ಎಲಿಜಬೆತ್ ಆ್ಯನ್ ಸೇಟನ್ ಅವರು 1805ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ್ದು ಇದೇ ಚರ್ಚಿನಲ್ಲಿ. ಆದರೆ ಮರುವರ್ಷದ ಕ್ರಿಸ್ಮಸ್ ಹಿಂದಿನ ರಾತ್ರಿ ದ್ವೇಷದ ಗುಂಪೊಂದು ಅದರ ಮುಂದೆ ಜಮಾಯಿಸಿತು. ಮರುದಿನದ ಗಲಭೆಯಲ್ಲಿ ಒಬ್ಬ ಕಾವಲುಗಾರ ಸತ್ತ. 1844ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ನಮ್ಮ ಎರಡು ಚರ್ಚುಗಳನ್ನೇ ಸುಟ್ಟರು. ಕಥೋಲಿಕರು ಪರದೇಶದ ದೊರೆಗೆ ನಿಷ್ಠರು, ಇವರನ್ನು ನಂಬಲಾಗದು ಎಂಬುದು ಆಗಿನ ಆಪಾದನೆ. ಈ ಮಾತು ಎಲ್ಲೋ ಕೇಳಿದಂತಿದೆ ಅಲ್ಲವೇ?

ಪಾರ್ಕ್ ಪ್ಲೇಸ್‌ನ ಆ ಜಾಗ ಇರುವುದು ಈ ಸಂತ ಪೇತ್ರರ ಚರ್ಚಿನ ಪಕ್ಕದಲ್ಲೇ, ಒಂದೇ ಬೀದಿ ಆಚೆ. 2001ರ ಆ ಕರಾಳ ದಿನ ಅಗ್ನಿಶಾಮಕ ದಳದ ಗುರು ಮೈಕಲ್ ಜಡ್ಜ್ ಅವರ ಮೃತದೇಹವನ್ನು ಹೊತ್ತು ತಂದು ಮಲಗಿಸಿದ್ದು ಈ ಚರ್ಚಿನ ಪೀಠದ ಮುಂದೆ. ಆದ್ದರಿಂದ ಮಡಿದವರ ಕುಟುಂಬಗಳ ನೋವು ಸಣ್ಣದು ಎಂದು ನಾವು ಯಾರೂ ಹೇಳಲಾರೆವು. ಅಂದು ಸುಮಾರು ಮೂರು ಸಾವಿರ ಜನ ಸತ್ತರು. ಆ ಗೋಪುರಗಳಲ್ಲಿ ದುಡಿಯುತ್ತಿದ್ದ ಮುಸಲ್ಮಾನರೂ ಅವರಲ್ಲಿದ್ದರು.

ನ್ಯೂಯಾರ್ಕಿನ ಆಗಿನ ಮಹಾಧರ್ಮಾಧ್ಯಕ್ಷ ತಿಮೊತಿ ಡೋಲನ್ ಅವರು ಧಾರ್ಮಿಕ ಸ್ವಾತಂತ್ರ್ಯ ಮತ್ತು ನೊಂದವರ ಭಾವನೆ ಎರಡನ್ನೂ ಗೌರವಿಸುವ ದಾರಿಯನ್ನು ಮಾತುಕತೆಯಿಂದ ಕಂಡುಕೊಳ್ಳಬೇಕೆಂದು ಬಯಸಿದರು. ಅವರು ಒಂದು ಉದಾಹರಣೆ ಕೊಟ್ಟರು. ಲಕ್ಷಾಂತರ ಯೆಹೂದ್ಯರನ್ನು ಕೊಂದ ಆಶ್ವಿಟ್ಜ್ ಶಿಬಿರದ ಬಳಿ ಕಾರ್ಮೆಲ್ ಕನ್ಯಾಸ್ತ್ರೀಯರು ಮಠ ಮಾಡಿಕೊಂಡಿದ್ದರು. ಯೆಹೂದ್ಯರ ನೋವನ್ನು ಮನಗಂಡು 1993ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಬೇರೆಡೆಗೆ ಹೋಗುವಂತೆ ಆ ಕನ್ಯಾಸ್ತ್ರೀಯರನ್ನು ಕೇಳಿಕೊಂಡರು. ಹಕ್ಕು ಇದ್ದರೂ ಪ್ರೀತಿಯಿಂದ ಬಿಟ್ಟುಕೊಡುವುದು ಉಂಟು. ಆದರೆ ಬಿಟ್ಟುಕೊಡುವವನು ತಾನಾಗಿ ಬಿಡಬೇಕು. ಗುಂಪು ಕಟ್ಟಿ ಕಸಿದುಕೊಂಡರೆ ಅದು ಪ್ರೀತಿಯಾಗದು.

ಪಾರ್ಕ್ ಪ್ಲೇಸ್‌ನ ಹಳೆಯ ಕಟ್ಟಡದಲ್ಲಿ 2011ರಲ್ಲಿ ಒಂದು ಚಿಕ್ಕ ಕೇಂದ್ರ ತೆರೆಯಿತು. ದೊಡ್ಡ ಯೋಜನೆ ಕೈಗೂಡಲಿಲ್ಲ. ಹಳೆಯ ಕಟ್ಟಡವನ್ನು ಕೆಡವಿದ ಮೇಲೆ ಅಲ್ಲಿ ಎದ್ದದ್ದು ಶ್ರೀಮಂತರ ವಾಸದ ಗಗನಚುಂಬಿ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಎಲ್ಲಿಯಾದರೂ ಮಸೀದಿಯ ವಿವಾದ ಎದ್ದಾಗ ನಮ್ಮ ಊಟದ ಮೇಜಿನಲ್ಲೂ ಕೆಲವು ಪ್ರಶ್ನೆಗಳು ಬರುತ್ತವೆ. ಸೌದಿ ಅರೇಬಿಯದಲ್ಲಿ ಒಂದು ಚರ್ಚೂ ಇಲ್ಲವಲ್ಲ, ಇವರಿಗೆ ಮಾತ್ರ ಯಾಕೆ? ಪ್ರಶ್ನೆ ಸತ್ಯವಾದುದೇ. ಸೌದಿಯಲ್ಲಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸುವಂತಿಲ್ಲ, ಅದು ಅನ್ಯಾಯ. ಆದರೆ ಬಹರೇನಿನ ಮನಾಮದಲ್ಲಿ 1939ರಿಂದಲೇ ಚರ್ಚ್ ಇದೆ. ಕತಾರಿನ ದೋಹಾದಲ್ಲಿ ಅಲ್ಲಿನ ಅಮೀರರು ಕೊಟ್ಟ ಜಾಗದಲ್ಲಿ 2008ರ ಮಾರ್ಚಿನಲ್ಲಿ ಜಪಮಾಲೆ ಮಾತೆಯ ಚರ್ಚ್ ತೆರೆಯಿತು. ಹೊರಗೆ ಶಿಲುಬೆ ಇಲ್ಲ, ಗಂಟೆಯಿಲ್ಲ. ಅದಕ್ಕೂ ಅಲ್ಲಿನ ಪತ್ರಿಕೆಗಳಲ್ಲಿ ವಿರೋಧ ಬಂದಿತ್ತು. ಅದನ್ನು ದಾಟಿ ಕಟ್ಟಿದ ಚರ್ಚಿನಲ್ಲಿ ಕೆಲಸಕ್ಕೆ ಹೋದ ನಮ್ಮ ಮಕ್ಕಳು ಪರಮಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿ ನಮಗಾಗಿ ಕೇಳುವ ಸ್ವಾತಂತ್ರ್ಯವನ್ನು ಇಲ್ಲಿ ಇನ್ನೊಬ್ಬರಿಗೆ ಬೇಡವೆನ್ನಲು ನಮಗೆ ಯಾವ ಬಾಯಿ?

ಇನ್ನೊಂದು ಪ್ರಶ್ನೆ: 1784ರಲ್ಲಿ ಟಿಪ್ಪು ಕರಾವಳಿಯ ನಮ್ಮ ಹಿರಿಯರನ್ನು ಸೆರೆ ಹಿಡಿದು ಚರ್ಚುಗಳನ್ನು ಕೆಡವಿಸಲಿಲ್ಲವೇ? ಹೌದು, ಅದನ್ನು ಮರೆಯಬೇಕಿಲ್ಲ. ಆದರೆ ಆ ಅರಸನ ಕೃತ್ಯಕ್ಕೆ ನಮ್ಮ ಬೀದಿಯ ಮುಸಲ್ಮಾನ ನೆರೆಯವನು ಲೆಕ್ಕ ಕೊಡಬೇಕೇ? 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಆರಾಧನಾ ಮಠ ಮತ್ತು ರಾಜ್ಯದ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ನಾವು ಅತ್ತೆವು. ಆದರೂ ನಮ್ಮ ಹಿಂದೂ ನೆರೆಯವರೆಲ್ಲರನ್ನೂ ಅದಕ್ಕೆ ಹೊಣೆ ಮಾಡುವುದು ಅನ್ಯಾಯವೆಂದು ಬಲ್ಲೆವು. ಅದೇ ನ್ಯಾಯ ಇವರಿಗೂ ಸಲ್ಲಬೇಕು.

1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿತು. ಈ ಹಕ್ಕಿನ ಬೇರು ಮಾನವ ಘನತೆಯಲ್ಲೇ ಇದೆ ಎಂದು ಅದು ಕಲಿಸುತ್ತದೆ. ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ಬಾರದ ತನಕ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತ ಮಾಡಕೂಡದು, ತಡೆಯಲೂ ಕೂಡದು. ನಮ್ಮ ಸಂವಿಧಾನದ 25ನೇ ವಿಧಿಯೂ ಈ ಹಕ್ಕನ್ನು ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ಕೊಡುತ್ತದೆ. ಅದನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರೂ ಸದಸ್ಯರಾಗಿದ್ದರು. ನೆರೆಯವನ ಪಾಲಿನ ಆ ವಿಧಿಯನ್ನು ಹರಿದರೆ ನಮ್ಮ ಪಾಲೂ ಹರಿದುಹೋಗುತ್ತದೆ, ಯಾಕೆಂದರೆ ಹಾಳೆ ಒಂದೇ.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ವಿಶ್ವಾಸವನ್ನು ಸಡಿಲಿಸಬೇಕಿಲ್ಲ. ಕ್ರಿಸ್ತರೇ ಲೋಕೋದ್ಧಾರಕರೆಂದು ಧೈರ್ಯದಿಂದ ಸಾರೋಣ. ಆದರೆ ಯಾರದೋ ಪ್ರಾರ್ಥನಾಲಯದ ವಿರುದ್ಧ ಸಹಿ ಕೇಳಲು ಬಂದರೆ, ಮೊಬೈಲಿನಲ್ಲಿ ದ್ವೇಷದ ಸಂದೇಶ ಬಂದರೆ, ಮುಂದಕ್ಕೆ ಕಳುಹಿಸುವ ಮೊದಲು ಬಾರ್ಕ್ಲೇ ಬೀದಿಯ ಆ ಕ್ರಿಸ್ಮಸ್ ರಾತ್ರಿಯನ್ನು ನೆನೆಯೋಣ. ಜಾಗ, ದಾರಿ, ಸದ್ದಿನ ನಿಜವಾದ ತಕರಾರು ಇದ್ದರೆ ನೆರೆಯವನ ಬಳಿಗೇ ಹೋಗಿ ಕುಳಿತು ಮಾತನಾಡೋಣ. ಮಕ್ಕಳ ಎದುರು ಇನ್ನೊಂದು ಧರ್ಮವನ್ನು ಹೀನಾಯವಾಗಿ ಆಡದಿರೋಣ.

ದೇವರ ಆಲಯ ನಾವೇ ಎಂದು ಸಂತ ಪೌಲರು ಇಂದು ನೆನಪಿಸುತ್ತಾರೆ. ಯೆಜೆಕಿಯೇಲ ಪ್ರವಾದಿ ಕಂಡ ಆಲಯದಿಂದ ನೀರು ಹೊರಗೆ ಹರಿದು ಹೋದ ಕಡೆಯೆಲ್ಲ ಜೀವ ತಂದಿತು. ನಮ್ಮ ಆಲಯದಿಂದಲೂ ಅಂಥದೇ ನೀರು ನೆರೆಯವನ ಅಂಗಳಕ್ಕೆ ಹರಿಯುವಂತೆ ಲ್ಯಾಟರನ್ ಮಹಾದೇವಾಲಯದ ಪಾಲಕರಾದ ಸ್ನಾನಿಕ ಸಂತ ಯೊವಾನ್ನರ ಮತ್ತು ಶುಭಸಂದೇಶಕಾರ ಸಂತ ಯೊವಾನ್ನರ ಬಿನ್ನಹದಿಂದ ಪ್ರಭು ನಮ್ಮನ್ನು ಹರಸಲಿ. ಆಮೆನ್.