ವೈದ್ಯರಿಗೂ ನಮಗೂ ಮಾತು ಬೆಳೆಯಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಡೇರಿಯಲ್ಲಿ ಹಾಲು ನೋಡಿ ಫ್ಯಾಟ್ ಎಷ್ಟು ಅಂತ ಹೇಳ್ತಾರೆ. ಕಮ್ಮಿ ಬಂದರೆ ಹಸುವಿನ ಮೇವು, ಹಿಂಡಿ ಸರಿಮಾಡ್ತೀವಿ. ಹೇಳೋರೇ ಇಲ್ಲದಿದ್ದರೆ ಹಾಲು ಸುಧಾರಿಸುತ್ತಿತ್ತೇ? ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೂ ಹಾಗೇ. ಅವರು ಕೊಟ್ಟ ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಯನ್ನು ‘ಈಗ ಹುಷಾರು’ ಅಂತ ಅರ್ಧಕ್ಕೇ ಬಿಡ್ತೀವಿ. ಅದು ಅವರಿಗೆ ತಿಳಿಯೋದೇ ಇಲ್ಲ. ಕೊನೆಗೆ ಕಿಡ್ನಿ, ಲಕ್ವ ಅಂತ ಸೂಲಿಬೆಲೆಯಿಂದ ಬೆಂಗಳೂರಿಗೆ ಓಡಿ, ಜಮೀನು ಅಡವಿಡ್ತೀವಿ. 2003ರಲ್ಲಿ ಬಂದ ಯಶಸ್ವಿನಿ ಯೋಜನೆ ಸಹಕಾರಿಗಳ ಆಪರೇಷನ್ ಖರ್ಚಿಗೆ ಆಸರೆಯಾಯಿತು, ನಿಜ. ಆದರೆ ಅಲ್ಲಿತನಕ ಹೋಗದಂತೆ ಮೊದಲು ಕಾಯುವವರು ಊರಿನ ಡಾಕ್ಟರೇ.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರಿಗೂ ಜಾಗವಿದೆ. ಅಲ್ಲಿ ಜಗಳ ಬೇಡ. ಯಾರಿಗೆ ಗುಣವಾಯಿತು, ಯಾರಿಗೆ ಹೇಳಿದ್ದು ಅರ್ಥವಾಗಲಿಲ್ಲ ಎಂಬುದನ್ನು ತಿಳಿಸೋಣ. ಮಾತ್ರೆ ಯಾವಾಗ ನುಂಗಬೇಕೆಂದು ರೋಗಿಯ ಬಾಯಲ್ಲೇ ಒಂದು ಸಲ ಹೇಳಿಸಿ ಅಂತ ಡಾಕ್ಟರನ್ನು ಕೇಳಿಕೊಳ್ಳೋಣ. ನಾವೂ ಹಳೇ ಚೀಟಿ ಮರೆಯದೆ ಒಯ್ಯೋಣ. ಗುಣವಾದಾಗ ‘ನಿಮ್ಮಿಂದ ಒಳ್ಳೇದಾಯ್ತು ಸ್ವಾಮಿ’ ಅನ್ನೋಣ. ದಿನವೆಲ್ಲಾ ಸಾಲು ನೋಡಿ ದಣಿದವರಿಗೆ ಆ ಮಾತೇ ಹುರುಪು.