ಹುಟ್ಟಿನಿಂದ ಬಂದ ಹೃದ್ರೋಗ

ಹಸುಗೂಸಿನ ಹೃದಯದಲ್ಲಿ ರಂಧ್ರವಿದೆಯೆಂದು ವೈದ್ಯರು ಹೇಳಿದೊಡನೆ ಮನೆಯಲ್ಲಿ ಏಳುವ ಪ್ರಶ್ನೆ, ‘ಇದು ಯಾರ ಕಡೆಯಿಂದ ಬಂತು?’ ಎಂಬುದು. ಅನೇಕ ವೇಳೆ ಅದರ ಭಾರವೆಲ್ಲ ಬಾಣಂತಿಯ ತಲೆಯ ಮೇಲೆಯೇ ಬೀಳುತ್ತದೆ. ಗ್ರಹಣದಲ್ಲಿ ಆಕೆ ಹೊರಗೆ ಬಂದಳು ಎನ್ನುವವರೂ ಉಂಟು. ಇದು ನ್ಯಾಯವೇ ಎಂಬುದನ್ನು ವಿಚಾರಮಾಡೋಣ.

ಗರ್ಭ ನಿಂತ ಮೂರು ವಾರಗಳ ಸುಮಾರಿಗೆ, ಇನ್ನೂ ಬರಿಯ ನಾಳದಂತಿರುವ ಹೃದಯ ಮಿಡಿಯತೊಡಗುತ್ತದೆ. ಎಂಟನೆಯ ವಾರದ ಹೊತ್ತಿಗೆ ಆ ನಾಳ ಮಡಿಸಿಕೊಂಡು, ನಡುವೆ ಗೋಡೆಗಳೆದ್ದು, ನಾಲ್ಕು ಕೋಣೆಗಳಾಗುತ್ತವೆ. ಈ ಕಟ್ಟಡದ ನಕ್ಷೆಯಿರುವುದು ತಂದೆತಾಯಿಗಳಿಬ್ಬರಿಂದಲೂ ಬಂದ ಜೀನುಗಳಲ್ಲಿ. ಕೆಲಸ ಎಲ್ಲಿಯಾದರೂ ತಪ್ಪಿದರೆ ಗೋಡೆಯಲ್ಲಿ ರಂಧ್ರ ಉಳಿದೀತು, ಕವಾಟ ಕಿರಿದಾದೀತು. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 10 ಶಿಶುಗಳಿಗೆ ಹೀಗಾಗುತ್ತದೆ.

ಕೆಲವು ಸಲ ಕಾರಣ ಸ್ಪಷ್ಟವಾಗಿರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದು 1959ರಲ್ಲಿ ಬೆಳಕಿಗೆ ಬಂತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಆದರೆ ಬಹುಪಾಲು ಮಕ್ಕಳಲ್ಲಿ ಇಂಥ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಹಲವು ಜೀನುಗಳ ಜೊತೆಗೆ ತಾಯಿಯ ಸಕ್ಕರೆ ಕಾಯಿಲೆಯೋ ಮೊದಲ ತಿಂಗಳುಗಳಲ್ಲಿ ತಗಲಿದ ರುಬೆಲ್ಲಾ ಸೋಂಕೋ ಕೂಡಿಕೊಳ್ಳಬಹುದು.

ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವುದು ಇಲ್ಲಿನ ಹಳೆಯ ರೂಢಿ. ಆಸ್ತಿ ಹೊರಗೆ ಹೋಗದು, ಮಗಳು ಕಣ್ಣೆದುರಿಗಿರುತ್ತಾಳೆ ಎಂಬುದು ಹಿರಿಯರ ಲೆಕ್ಕ. ಜೀವವಿಜ್ಞಾನದ ಲೆಕ್ಕವೇ ಬೇರೆ. ಸೋದರಮಾವನಿಗೂ ಅಕ್ಕನ ಮಗಳಿಗೂ ಜೀನುಗಳಲ್ಲಿ ಸರಾಸರಿ ಕಾಲು ಭಾಗ ಒಂದೇ ಮೂಲದ್ದು. ಅತ್ತೆಮಾವಂದಿರ ಮಕ್ಕಳಲ್ಲಿ ಅರೆಕಾಲು ಭಾಗ. ಒಂದೇ ದೋಷವನ್ನು ಇಬ್ಬರೂ ತಮಗರಿಯದೆ ಹೊತ್ತಿದ್ದರೆ, ಮಗುವಿಗೆ ಅದು ಎರಡು ಕಡೆಯಿಂದಲೂ ಬರುವ ಸಂಭವ ಹೆಚ್ಚು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ರೋಗ ಹೆಚ್ಚೆಂದು, ಮೈಸೂರಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿತು. ಹಾಗೆಂದು ಈಗಾಗಲೇ ಮದುವೆಯಾದವರು ಎದೆಗುಂದಬೇಕಿಲ್ಲ. ಅಂಥ ಮನೆಗಳ ಬಹುಪಾಲು ಮಕ್ಕಳ ಹೃದಯಗಳು ಚೆನ್ನಾಗಿಯೇ ಇರುತ್ತವೆ.

ಆದುದರಿಂದ ಸಂಬಂಧ ಕುದುರಿಸುವಾಗ ಜಾತಕದಷ್ಟೇ ಶ್ರದ್ಧೆಯಿಂದ ಮನೆತನದ ರೋಗಗಳನ್ನೂ ವಿಚಾರಿಸಿರಿ. ತಂದೆತಾಯಿಗಳಿಗಾಗಲಿ ಮೊದಲ ಮಗುವಿಗಾಗಲಿ ಹುಟ್ಟಿನಿಂದ ಹೃದ್ರೋಗವಿದ್ದರೆ ವೈದ್ಯರಿಗೆ ಮರೆಮಾಚದೆ ತಿಳಿಸಿರಿ. ಗರ್ಭದ 18ರಿಂದ 22ನೆಯ ವಾರದೊಳಗೆ ಶಿಶುವಿನ ಹೃದಯದ ಸ್ಕ್ಯಾನ್ ಮಾಡಿಸಬಹುದು. ಬೇಗ ತಿಳಿದರೆ ಅನೇಕ ದೋಷಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲು ಸಾಧ್ಯ. ತಾಯಿಯನ್ನು ದೂರುತ್ತ ಕುಳಿತರೆ ಆ ಸಮಯ ಕೈತಪ್ಪಿ ಹೋಗುತ್ತದೆ.